ಕಾದ ಗಾಜಿಗೆ ಒಂದು ಕೊಡ ತಣ್ಣೀರು

ಗೆಳೆಯರೇ, ನನ್ನ ಪಾಡು ಕೇಳಿ. ನಾನು ಕೆಲಸಕ್ಕಿರುವ ಇಳಕಲ್ಲಿನ ಸಾವಕಾರರ ತೋಟದಲ್ಲಿ ಮುಂಬಯಿಯಿಂದ ತರಿಸಿದ ಗಾಜಿನ ಮೇಜಿದೆ. ಇಂದು ಬೀಗರು ಬರುವ ಹೊತ್ತಿಗೆ ಅದು ರೊಟ್ಟಿಯ ಹೆಂಚಿನಂತೆ ಕಾದಿತ್ತು. ಬಿಸಿಲಿಗೆ ಕಾದ ಕಲ್ಲುಕಟ್ಟೆಗೆ ನೀರು ಸುರಿದು ತಣಿಸುವುದು ನಮ್ಮೂರ ರೂಢಿ. ಮೇಜಿಗೂ ಹಾಗೇ ಮಾಡೋಣವೆಂದು ಮಣ್ಣಿನ ಹರವಿಯ ತಣ್ಣೀರನ್ನು ಕೊಡದಲ್ಲಿ ತಂದೆ. ಸಾವಕಾರರ ಮೊಮ್ಮಗಳು ಮೇಜಿನ ಕೆಳಗೆ ಆಡುತ್ತಿದ್ದಳು.

"ಲಂಗಾ ತೊಯ್ತೈತಿ, ಈಕಡೆ ಬಾ ಯವ್ವಾ" ಎಂದು ಎಬ್ಬಿಸಿ, ನೀರು ಸುರಿದೆ.

ಢಂ ಎಂದಿತು. ಗಾಜಿನುದ್ದಕ್ಕೂ ಮಿಂಚಿನಂಥ ಬಿರುಕು ಓಡಿ, ಮೇಜು ಒಮ್ಮೆಲೇ ಕುಸಿಯಿತು. ಮೊಳದುದ್ದದ ಚೂರೊಂದು ಅವಳು ಕೂತಿದ್ದ ಜಾಗದಲ್ಲೇ ಮಣ್ಣಿಗೆ ನಾಟಿ, ಬಿಸಿಲಿಗೆ ಹೊಳೆಯುತ್ತಿತ್ತು. ಬರೀ ತಣ್ಣೀರಿಗೆ ಇಷ್ಟು ಬಲವೇ! ನಾನು ಕಣ್ಣು ಕೀಳದೆ ನೋಡುತ್ತ ನಿಂತುಬಿಟ್ಟೆ.

"ಯಾರ ಕಣ್ಣು ಬಿತ್ತೋ ಯವ್ವಾ!" ಎನ್ನುತ್ತ ಕೂಸಿನ ಅಜ್ಜಿ ಓಡಿಬಂದರು.

"ಕಣ್ಣಲ್ರಿ ಅಮ್ಮಾರ, ನೀರ್ರಿ. ನಾನ ಸುರುವಿದ್ನಿರಿ."

ಸಾವಕಾರರು ಆ ಚೂರನ್ನೇ ನೋಡುತ್ತ, "ಕೂಸಿನ್ನ ಎಬ್ಬಿಸಿದಾಂವಾ ಯಾರಲೇ?" ಎಂದರು.

"ಅದೂ ನಾನರಿ. ಲಂಗಾ ತೊಯ್ತೈತಂತ ಎಬ್ಬಿಸಿದ್ನಿರಿ. ಗಾಜು ಒಡಿತೈತಂತ ನನಗೆಲ್ಲಿ ಗೊತ್ತರಿ?"

ಸುಮ್ಮನಿದ್ದರೆ ಕೂಸು ಉಳಿಸಿದವನೆಂದು ಶಾಲು ಹೊದಿಸುತ್ತಿದ್ದರೋ ಏನೋ. ಖರೆ ಹೇಳಿದ್ದಕ್ಕೆ ಚೂರು ಗುಡಿಸಲು ಕಸಬರಿಗೆ ಕೊಟ್ಟರು.