ಸೆಟ್ ಬಿಸಿಯಾಗುವ ಅರ್ಧ ಗಂಟೆ

ಅಪ್ಪಯ್ಯ ಐಸ್ ಪ್ಲಾಂಟಿನಿಂದ ಬಂದವರು ಮೊದಲು ಮಾಡುತ್ತಿದ್ದದ್ದು ಕೈಕಾಲು ತೊಳೆಯುವುದಲ್ಲ, ಸೆಟ್ಟಿನ ಸ್ವಿಚ್ ಹಾಕುವುದು. ಕ್ಯಾಸೆಟ್ ಹಾಕುತ್ತಿರಲಿಲ್ಲ. ಕೆಂಪು ದೀಪ ಹತ್ತಿದ್ದು ನೋಡಿ ಬಾವಿಕಟ್ಟೆಗೆ ಹೋಗುತ್ತಿದ್ದರು. ಮಿಂದು, ಚಾ ಕುಡಿದು, ಜಗಲಿಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತು, ಆಮೇಲೆ ಒಳಗೆ ಬರುವಾಗ ಅರ್ಧ ಗಂಟೆ ಕಳೆದಿರುತ್ತಿತ್ತು. ನಾನು ಅವಸರ ಮಾಡಿದರೆ ಒಂದೇ ಮಾತು.

"ತಡಿ ಹೆಣ್ಣೇ. ಸೆಟ್ ಬಿಸಿ ಆಯ್ಲಿ. ಬಿಸಿ ಆಗ್ದೆ ಮಾತ್ ಸಮ ಕೇಂತಿಲ್ಲೆ."

ಬಿಸಿಯಾಗದೆ ಸರಿಯಾಗಿ ಕೇಳುವುದಿಲ್ಲ ಅನ್ನುತ್ತಿದ್ದ ಆ ಮಾತು ಅಂದರೆ ತಾಳಮದ್ದಳೆಯ ಮಾತು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಕೃಷ್ಣನೂ ಕರ್ಣನೂ ಆಗಿ ವಾದಕ್ಕಿಳಿಯುವ ಅರ್ಥಧಾರಿಗಳ ಮಾತು. ಅಪ್ಪಯ್ಯ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಂಥ ಮಾತು ಕೇಳಿದರೆ ಅವರ ಮುಖ ಬೇರೆಯೇ ಆಗುತ್ತಿತ್ತು. ಕುಡಿತ ಇಲ್ಲ, ಬೀಡಿ ಇಲ್ಲ, ಕೋಳಿ ಅಂಕ ಇಲ್ಲ. ದಿನದಲ್ಲಿ ತನಗೆ ಅಂತ ಅವರು ಇಟ್ಟುಕೊಂಡದ್ದು ಆ ಸಂಜೆಯ ಒಂದು ತಾಸು. ಅದನ್ನು ಅವರಿಂದ ತೆಗೆದದ್ದು ನಾನು. ಜಗಳ ಮಾಡಿ ಅಲ್ಲ, ಸರಿಯಾದ ಉತ್ತರ ಹೇಳಿ.

ನಮ್ಮ ಮನೆ ತ್ರಾಸಿಯಲ್ಲಿ, ಬೈಂದೂರಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಪ್ಪಯ್ಯನ ಕೆಲಸ ಐಸ್ ಪ್ಲಾಂಟಿನ ಕ್ರಷರ್ ಹತ್ತಿರ. ಆಳುದ್ದದ ಐಸ್ ಗಡ್ಡೆಯನ್ನು ಕೊಕ್ಕೆಯಲ್ಲಿ ಎಳೆದು ಅದರ ಬಾಯಿಗೆ ಕೊಡಬೇಕು. ಅದು ಪುಡಿ ಮಾಡಿ ಮೀನು ತುಂಬುವ ಬೋಟುಗಳಿಗೆ ಕಳಿಸುತ್ತದೆ. ಸಣ್ಣವಳಿದ್ದಾಗ ಒಮ್ಮೆ ಊಟ ಕೊಡಲು ಅಲ್ಲಿಗೆ ಹೋಗಿದ್ದೆ. ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಎರಡು ಬೆರಳು ಎತ್ತಿದರೆ ಎರಡು ಗಡ್ಡೆ. ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಮನೆಗೆ ಬಂದ ಮೇಲೂ ಅಪ್ಪಯ್ಯ ಸ್ವಲ್ಪ ಹೊತ್ತು ಹಾಗೆಯೇ. ಅಮ್ಮ ಚಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದರೆ ಬೆರಳು ತೋರಿಸುತ್ತಿದ್ದರು. "ನಾನೆಂತ ನಿಮ್ಮ ಕ್ರಷರಾ?" ಅಂತ ಅಮ್ಮ ಬೈಯುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಸೆಟ್ ಬಂದದ್ದು ಮಾವನಿಂದ. ಮಾವ ಅಂದರೆ ಅಮ್ಮನ ಅಣ್ಣ, ಮುಂಬೈಯಲ್ಲಿ ಕ್ಯಾಂಟೀನಿನಲ್ಲಿದ್ದವರು. ಅಲ್ಲಿ ದಿನಾ ಚಾ ತರಿಸುತ್ತಿದ್ದ ಒಬ್ಬ ಮುದುಕರು ಮನೆ ಖಾಲಿ ಮಾಡುವಾಗ ಇವರಿಗೆ ಕೊಟ್ಟದ್ದು: ಒಂದು ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ಮೊಣಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಜೊತೆಗೆ ಬುದ್ಧಿಮಾತೂ ಬಂತು. ಹಾಕಿದ ಕೂಡಲೇ ಹಾಡಿಸಬೇಡ, ಅರ್ಧ ಗಂಟೆ ಬಿಸಿಯಾಗಲಿ. ಮುದುಕರಿಗೆ ಹಳೆಯ ವಾಲ್ವ್ ರೇಡಿಯೋದ ಅಭ್ಯಾಸ ಇದ್ದಿರಬೇಕು. ಮಾವ ಆ ಮಾತನ್ನು ಸೆಟ್ಟಿನ ಜೊತೆ ಬಸ್ಸಿನಲ್ಲಿ ಹಾಕಿಕೊಂಡು ಬಂದರು. ಅಪ್ಪಯ್ಯ ವ್ರತದ ಹಾಗೆ ನಡೆಸಿದರು. ಐಸ್ ಹಿಡಿದು ಮರಗಟ್ಟಿದ ಅಂಗೈಗಳನ್ನು ಆಂಪ್ಲಿಫೈಯರಿನ ಮೇಲಿನ ಜಾಲರಿಗೆ ಹಿಡಿದು, "ಹ್ಞಾಂ, ಈಗ್ ಆಯ್ತ್" ಅನ್ನುತ್ತಿದ್ದರು.

ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕುಂದಾಪುರಕ್ಕೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಭೌತಶಾಸ್ತ್ರದ ಪುಸ್ತಕವನ್ನು ಲೈಬ್ರರಿಯಲ್ಲಿ ಕೂತು ಕೈಯಲ್ಲಿ ಬರೆದುಕೊಂಡು ಓದಿದ್ದೇನೆ. ಇಂಗ್ಲಿಷ್ ತಿಳಿಯದೆ ಮೊದಲ ವರ್ಷ ಇಡೀ ಸುಮ್ಮನೆ ಕೂತಿದ್ದೇನೆ. ಯಾರೂ ಕೈ ಹಿಡಿದು ಹೇಳಿಕೊಟ್ಟದ್ದಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ ಅಪ್ಪಯ್ಯ ನನ್ನ ಅಂಕಪಟ್ಟಿಗೆ ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕದಲ್ಲಿ ನೇತುಹಾಕಿದರು. ಅಮ್ಮ ಅದಕ್ಕೂ ಹೂ ಇಟ್ಟಳು.

ಅದೇ ಮಳೆಗಾಲದಲ್ಲಿ ಮಾವ ಊರಿಗೆ ಬಂದಿದ್ದರು. ಬೋಟುಗಳು ಕಡಲಿಗೆ ಇಳಿಯಬಾರದ ಎರಡು ತಿಂಗಳು. ಐಸ್ ಪ್ಲಾಂಟಿಗೆ ಬೀಗ. ಅಪ್ಪಯ್ಯ ದಿನವಿಡೀ ಮನೆಯಲ್ಲಿ. ಒಂದು ಮಧ್ಯಾಹ್ನ ಅವರು ಎಂದಿನಂತೆ ಸ್ವಿಚ್ ಹಾಕಿ ಕಾಯುತ್ತಾ ಕೂತಾಗ ನಾನು ಹೇಳಿದೆ, ಇದರಲ್ಲಿ ವಾಲ್ವ್ ಇಲ್ಲ, ಇದು ಟ್ರಾನ್ಸಿಸ್ಟರಿನದು. ವಾಲ್ವಿನದ್ದಾದರೆ ಒಳಗಿನ ತಂತಿ ಕಾದು ಕೆಂಪಾಗುವವರೆಗೆ ಸ್ವರವೇ ಬರುವುದಿಲ್ಲ. ಅದಕ್ಕೂ ಒಂದು ನಿಮಿಷ ಬೇಕಾದರೆ ಹೆಚ್ಚು. ಇದರಲ್ಲಿ ಬಿಸಿಯಾದಂತೆ ಕರೆಂಟ್ ಒಂಚೂರು ಆಚೀಚೆ ಆಗಬಹುದು, ಆದರೆ ಅದು ಮೀಟರಿಗೆ ಗೊತ್ತಾಗುವಂಥದ್ದು, ಮನುಷ್ಯರ ಕಿವಿಗಲ್ಲ.

"ಹಂಗಾರೆ ನಾನ್ ಕೇಂಬುದ್ ಸುಳ್ಳಾ?" ಅಂದರು ಅಪ್ಪಯ್ಯ.

"ಕಾಂಬ. ಪರೀಕ್ಷೆ ಮಾಡುವ" ಅಂದೆ.

ಮಾವ ಚಾಪೆಯಿಂದ ಎದ್ದು ಕೂತರು. "ಕಂಡ್ರ್ಯಾ ಭಾವ? ಅವ್ಳ್ ಪರೀಕ್ಷೆ ಬರ್ದ್ ಮುಗೀತ್, ಇನ್ನ್ ನಿಮ್ದ್ ಶುರು! ಕಾಪಿ ಹೊಡುಕಾತ್ತಿಲ್ಲೆ ಹ್ವಾಯ್, ನಾನ್ ಕಾವಲಿಗಿತ್ತೆ."

ಪರೀಕ್ಷೆಯನ್ನು ಕ್ರಮವಾಗಿಯೇ ಮಾಡಿದೆ. ಸೆಟ್ಟಿಗೆ ಹೊದಿಕೆ ಮುಚ್ಚಿದೆ, ದೀಪ ಕಾಣಬಾರದು ಅಂತ. ಅಪ್ಪಯ್ಯ ಹೊರಗೆ ಜಗಲಿಯಲ್ಲಿ. ಕೆಲವು ಸಲ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿದೆ, ಕೆಲವು ಸಲ ಅವರು ಒಳಗೆ ಬರುವ ಹೊತ್ತಿಗೆ ಹಾಕಿದೆ. ಯಾವಾಗ ಯಾವುದು ಅಂತ ಮಾವ ಕವಡೆ ಬಿಟ್ಟು ಹೇಳುತ್ತಿದ್ದರು. ಅದೇ ಕ್ಯಾಸೆಟ್, ಅದೇ ಜಾಗದಿಂದ. ಅಪ್ಪಯ್ಯ ಬಂದು ಕೇಳಿ, ಬಿಸಿ ಅಥವಾ ತಣ್ಣಗೆ, ಒಂದು ಹೇಳಬೇಕು. ಕರೆಂಟ್ ಇದ್ದಾಗಲೆಲ್ಲ ನಾಲ್ಕು ದಿನ ನಡೆಸಿದೆವು. ಒಟ್ಟು ಹತ್ತು ಸಲ.

ಮೊದಲೆರಡು ಸಲ ಅಪ್ಪಯ್ಯ ಗಟ್ಟಿಯಾಗಿ ಹೇಳಿದರು. ಆಮೇಲೆ ಹೇಳುವ ಮೊದಲು ನನ್ನ ಮುಖ ನೋಡತೊಡಗಿದರು. ಕೊನೆಗೆ, "ಎಲ್ಲದೂ ಒಂದೇ ನಮನಿ ಕೇಂತಲೆ" ಅಂದರು. ಹತ್ತರಲ್ಲಿ ಐದು ಸರಿ, ಐದು ತಪ್ಪು.

"ಕಣ್ಣ್ ಮುಚ್ಕಂಡ್ ಹೇಳ್ರೂ ಐದ್ ಸರಿ ಆತಿತ್ತ್ ಭಾವ!" ಅಂತ ಮಾವ ನಕ್ಕರು. ಅಮ್ಮನೂ ನಕ್ಕಳು. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ತೋರಿಸಿದೆ. ನನಗೆ ಹೆಮ್ಮೆಯಾಗಿತ್ತು. ಅಪ್ಪಯ್ಯನಿಗೂ ಆಗಿತ್ತು ಅಂತಲೇ ನಾನು ತಿಳಿದೆ. ಅವರು ಹೇಳಿದ್ದು ಇಷ್ಟು: "ಓದ್ದವ್ಳ್ ಹೇಳ್ದ್ ಮೇಲೆ ಮುಗೀತಲೆ. ಇಷ್ಟ್ ವರ್ಷ ಸುಮ್ನೆ ಕಾದೆ."

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಕ್ರಷರ್ ಶುರುವಾಯಿತು. ಅಪ್ಪಯ್ಯ ಕೆಲಸದಿಂದ ಬಂದು ಸ್ವಿಚ್ ಹಾಕಿ, ಆ ಕೂಡಲೇ ಕ್ಯಾಸೆಟ್ ಹಾಕಿ ಎದುರು ಕೂತರು. ಅರ್ಧ ಗಂಟೆ ಉಳಿಯಿತು ಅಂತ ನಾನು ಅಂದುಕೊಂಡೆ. ಅವರು ಸ್ವರ ಜೋರು ಮಾಡಿದರು. ಮರುದಿನ ಇನ್ನೂ ಜೋರು.

"ಎಂತಕ್ಕೆ ಅಷ್ಟ್ ದೊಡ್ಡ ಮಾಡುದ್?" ಅಂದಳು ಅಮ್ಮ. "ಆಚಿಮನಿಯರ್ ಹರ್ಕಿ ಹೊತ್ತಿದ್ರಾ, ನಿಮ್ಮ ಪ್ರಸಂಗ ಕೇಂತೊ ಅಂದೇಳಿ?"

"ಕ್ಯಾಸೆಟ್ ಹಳತಾಯ್ತ್ ಕಾಣತ್ತ್" ಅಂದರು ಅಪ್ಪಯ್ಯ. ಇನ್ನೊಂದು ದಿನ, "ನಂಗೇ ಈಗ ತಲೆಗ್ ಹೋತಿಲ್ಲೆ. ವಯಸ್ಸಾಯ್ತ್" ಅಂದರು. ಆಗ ಅವರಿಗೆ ಐವತ್ತೂ ದಾಟಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಅವರು ಸೆಟ್ ಹಾಕುವುದನ್ನು ಬಿಟ್ಟರು. ಅಮ್ಮ ಅದರ ಮೇಲೆ ಹಳೆಯ ಟವೆಲು ಹಾಸಿ ಮಡಚಿದ ಬಟ್ಟೆ ಇಡತೊಡಗಿದಳು. ನಾನು ಎಂಎಸ್ಸಿಗೆ ಹೋದೆ. ಟಿವಿ ಬಂದದ್ದರಿಂದ ಸೆಟ್ ಮೂಲೆಗೆ ಹೋಯಿತು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೆ.

ಈಗ ನಾನು ಬ್ರಹ್ಮಾವರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ಪ್ರಯೋಗದಲ್ಲಿ ತಪ್ಪು ಎಲ್ಲೆಲ್ಲಿ ನುಸುಳುತ್ತದೆ ಅನ್ನುವುದು ಪ್ರತಿ ವರ್ಷದ ಮೊದಲ ಪಾಠ. ಕಳೆದ ವರ್ಷ ಕಾಲೇಜಿಗೆ ಕಿವಿಯ ಡಾಕ್ಟರೊಬ್ಬರನ್ನು ಕರೆಸಿದ್ದೆವು, ಮಕ್ಕಳು ಇಯರ್‌ಫೋನ್ ತೆಗೆಯುವುದೇ ಇಲ್ಲ ಅಂತ. ನಾನು ಎದುರಿನ ಸಾಲಿನಲ್ಲಿದ್ದೆ. ಧನ್ಯವಾದ ಹೇಳುವ ಕೆಲಸ ನನ್ನದು.

ಡಾಕ್ಟರು ಮಕ್ಕಳನ್ನು ಕೇಳಿದರು, "ಮದುವೆಯ ಮುನ್ನಾದಿನ ಡಿಜೆ ಹಾಕಿದ ಮೆಹೆಂದಿಯಿಂದ ಮನೆಗೆ ಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗೆ ಆಗುತ್ತದಲ್ಲ? ಸದ್ದು ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಮೊದಲು ಹೋಗುವುದು ಸ, ಶ, ತ ಇಂಥ ಅಕ್ಷರಗಳು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸರಿಯಾಗುತ್ತದೆ. ಅದು ಕಿವಿ ಕೊಡುವ ಎಚ್ಚರಿಕೆ. ಗದ್ದಲದ ಕೆಲಸದವರಿಗೆ ದಿನಾ ಹೀಗಾಗುತ್ತದೆ. ದಿನಾ ಸರಿಯಾಗುತ್ತಾ ಬಂದು, ಒಂದು ದಿನ ಸರಿಯಾಗುವುದೇ ಇಲ್ಲ. ಅದಕ್ಕೇ ಅವರ ಕಿವಿಯ ಪರೀಕ್ಷೆಯನ್ನು ರಜೆ ಕಳೆದು ಬಂದಾಗ ಮಾಡಿದರೆ ಒಂದು ಉತ್ತರ, ಕೆಲಸ ಮುಗಿಸಿ ಬಂದಾಗ ಮಾಡಿದರೆ ಇನ್ನೊಂದು."

ನಾನು ಪರೀಕ್ಷೆ ಮಾಡಿದ್ದು ರಜೆಯಲ್ಲಿ. ಕ್ರಷರ್ ನಿಂತು, ಅದರ ಗದ್ದಲ ಅಪ್ಪಯ್ಯನ ಕಿವಿಗೆ ಬೀಳದೆ ವಾರಗಳೇ ಆಗಿದ್ದವು. ಸೆಟ್ಟನ್ನು ಹೊದಿಕೆಯಿಂದ ಮುಚ್ಚಿದೆ, ಕವಡೆ ಬಿಡಿಸಿದೆ, ಎಲ್ಲವನ್ನೂ ಸರಿಯಾಗಿ ಮಾಡಿ, ಎದುರು ಕೂತವರನ್ನು ಮಾತ್ರ ನೋಡಲಿಲ್ಲ. ಅರ್ಧ ಗಂಟೆಯಲ್ಲಿ ಬದಲಾಗುತ್ತಿದ್ದದ್ದು ಸೆಟ್ಟಲ್ಲ, ಅಪ್ಪಯ್ಯನ ಕಿವಿ.

ಎದ್ದು ಧನ್ಯವಾದ ಹೇಳಿದೆ. ಯಾರ ಹೆಸರೂ ಬಿಡಲಿಲ್ಲ. ಡಾಕ್ಟರಿಗೆ ಹಣ್ಣಿನ ಬುಟ್ಟಿ ಕೊಟ್ಟೆ, ಫೋಟೋಕ್ಕೆ ನಿಂತೆ. ಸ್ಟಾಫ್ ರೂಮಿನಲ್ಲಿ ಬಾಕಿ ಇದ್ದ ಉತ್ತರ ಪತ್ರಿಕೆಗಳನ್ನು ತಿದ್ದಿದೆ. ಅಳು ಬರಬಹುದು ಅಂತ ಕಾದೆ. ಬರಲಿಲ್ಲ.

ಅಪ್ಪಯ್ಯ ಕೆಲಸ ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ನಾವು ಕೂಗಿ ಮಾತಾಡುವುದು ಮನೆಯ ರೂಢಿಯೇ ಆಗಿಹೋಗಿತ್ತು. ಮುಂದಿನ ವಾರ ಅವರನ್ನು ಕಿವಿಯ ಪರೀಕ್ಷೆಗೆ ಕುಂದಾಪುರಕ್ಕೆ ಕರೆದುಕೊಂಡು ಹೋದೆ. ಪರೀಕ್ಷೆಯ ಗೂಡಿನಲ್ಲಿ ಕೂರಿಸಿದ ಹುಡುಗಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದಿದ್ದಳು. ಅವರು ಗುಂಡಿ ಒತ್ತಲಿಲ್ಲ, ಬೆರಳು ಎತ್ತಿದರು. ಗಾಜಿನ ಈಚೆಯಿಂದ ನೋಡುತ್ತಿದ್ದೆ. ಮೊದಲಲ್ಲಿ ಬೆರಳು ಏಳುತ್ತಿತ್ತು. ಆಮೇಲೆ ತುಂಬ ಹೊತ್ತು ಏಳಲೇ ಇಲ್ಲ. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಕೆಳಗೆ ಇಳಿದಿತ್ತು. ಹೋದದ್ದು ಬರುವುದಿಲ್ಲ, ಎರಡೂ ಕಿವಿಗೆ ಯಂತ್ರ ಹಾಕಿದರೆ ಮಾತು ತಿಳಿಯಬಹುದು ಅಂದಳು ಹುಡುಗಿ. ಆಗ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿದ್ದರೆ ಅಂತ ಕೇಳಲು ಹೊರಟವಳು, ಯಂತ್ರಕ್ಕೆ ಎಷ್ಟಾಗುತ್ತದೆ ಅಂತ ಕೇಳಿದೆ.

ಅಪ್ಪಯ್ಯ ಯಂತ್ರ ಹಾಕಿಸಿಕೊಂಡ ದಿನ ಹೋಟೆಲಿನಲ್ಲಿ ಗೋಳಿಬಜೆ ತರಿಸಿ, ಸಣ್ಣ ಸ್ವರದಲ್ಲಿಯೇ ಹೇಳಿದೆ.

"ಅಪ್ಪಯ್ಯ, ಅವತ್ತ್ ನಾನ್ ಮಾಡಿದ್ ಪರೀಕ್ಷೆ ತಪ್ಪ್."

"ಯಾವ್ದ್?"

"ಸೆಟ್ಟಿಂದ್."

ಅವರು ಗೋಳಿಬಜೆ ಮುರಿದು ಚಟ್ನಿಗೆ ಅದ್ದಿದರು. "ಎಂತ ತಪ್ಪ್? ಸೆಟ್ಟಿಗೆ ಬಿಸಿ ಬ್ಯಾಡ ಅಂದೆ. ಬ್ಯಾಡ ಅಲ್ದಾ?"

"ಸೆಟ್ಟಿಗ್ ಬ್ಯಾಡ. ನಿಮ್ಗ್ ಬೇಕಿತ್ತ್." ಕ್ರಷರಿನ ಸದ್ದು, ಕಿವಿ, ಅರ್ಧ ಗಂಟೆ, ಎಲ್ಲವನ್ನೂ ಹೇಳಿದೆ. ಮಕ್ಕಳಿಗೆ ಹೇಳುವ ಹಾಗೆ ಕ್ರಮವಾಗಿ ಹೇಳಿದೆ.

ಅಪ್ಪಯ್ಯ ಕೇಳಿದರು. ಮಾತು ತಿಳಿಯುತ್ತಿತ್ತು ಅವರಿಗೆ. "ದಿನವಿಡೀ ಐಸ್ ಎಳೆವನಿಗೆ ಬಿಸಿ ಬ್ಯಾಡ ಅಂಬವ್ರ್ ಯಾರಿತ್ರ್?" ಅಂತ ನಕ್ಕರು. ಆಮೇಲೆ, "ಚಾ ತಣ್ಗಾತ್ತ್, ಕುಡಿ" ಅಂದರು. ಬೈಯುತ್ತಾರೆ ಅಂತ ನಾನು ಸಿದ್ಧವಾಗಿದ್ದೆ. ಕೋಪ ಹುಡುಕಿ ಅವರ ಮುಖ ನೋಡಿದೆ. ಇರಲಿಲ್ಲ. ನನ್ನೊಳಗೂ ಏನೂ ಅಲುಗಲಿಲ್ಲ. ಚಾ ಕುಡಿದೆ.

ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿತ್ತು. ಹೊಸದನ್ನು ತರಿಸಿ ಹಾಕಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಯಂತ್ರ ಅಪ್ಪಯ್ಯನಿಗೆ ಸುಮಾರಾಗಿ ರೂಢಿಯಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ತ್ರಾಸಿಗೆ ಹೋಗಿ, ಅಮ್ಮನ ಬಟ್ಟೆಗಳನ್ನು ಎತ್ತಿಟ್ಟು, ಅವರು ಎಲ್ಲಕ್ಕಿಂತ ಇಷ್ಟಪಡುತ್ತಿದ್ದ ಅರ್ಥಧಾರಿಯ ಕ್ಯಾಸೆಟ್ ಹಾಕಿದೆ. ಆ ಅರ್ಥಧಾರಿ ಈಗಿಲ್ಲ. ಅವರ ಕರ್ಣನನ್ನು ಕೇಳಲು ಅಪ್ಪಯ್ಯ ಒಂದು ಕಾಲದಲ್ಲಿ ಬಸ್ರೂರಿಗೆ ನಡೆದು ಹೋಗಿದ್ದರು.

ಅಪ್ಪಯ್ಯ ಮುಂದಕ್ಕೆ ಬಾಗಿ ಕೂತರು. ಅಮ್ಮ ಬಾಗಿಲಲ್ಲಿ ನಿಂತಳು.

"ಕೇಂತಾ?" ಅಂದೆ.

"ಕೇಂತ್. ಒಂದಕ್ಷರ ಬಿಡ್ದೆ ಕೇಂತ್." ಸ್ವಲ್ಪ ಹೊತ್ತು ಕೇಳಿದರು. ಹುಬ್ಬು ಗಂಟಿಕ್ಕಿತು. "ಇದ್ ಯಾರ್ ಮಾತಾಡುದ್?"

ಹೇಳಿದೆ.

"ಅಲ್ಲ. ಅವ್ರ್ ಅಲ್ಲ."

"ಅವ್ರೇ ಅಪ್ಪಯ್ಯ."

"ಅವ್ರ ಸ್ವರ ನಂಗ್ ಗೊತ್ತಿಲ್ಯಾ? ಇದ್ ತಗಡ್ ಬಡ್ದಂಗಿತ್ತ್. ಮಾತ್ ಅವ್ರದ್ದೇ, ಯಾರೋ ಬಾಯಿಪಾಠ ಮಾಡಿ ಹೇಳುದ್."

ಯಂತ್ರದಲ್ಲಿ ಸ್ವರ ಹಾಗೆಯೇ ಕೇಳುತ್ತದೆ, ಮೇಲಿನ ಸದ್ದುಗಳನ್ನು ಅದು ಎತ್ತಿ ಕೊಡುತ್ತದೆ ಅಂತ ವಿವರಿಸಲು ಬಾಯಿ ತೆರೆದೆ. ಕ್ಯಾಸೆಟ್ಟಿನ ಕವರ್ ನನ್ನ ಕೈಯಲ್ಲೇ ಇತ್ತು. ಅದರ ಮೇಲೆ ಅರ್ಥಧಾರಿಯ ಹೆಸರಿತ್ತು, ಫೋಟೋ ಇತ್ತು. ಅಪ್ಪಯ್ಯ ನನ್ನ ಮುಖ ನೋಡುತ್ತಿದ್ದರು, ಉತ್ತರ ಸರಿಯಾಯಿತೋ ಇಲ್ಲವೋ ಅಂತ.

ಕವರನ್ನು ಮಗುಚಿ ಡೆಕ್ಕಿನ ಹಿಂದೆ ಇಟ್ಟೆ.

"ಹೌದ್ ಅಪ್ಪಯ್ಯ" ಅಂದೆ. "ಬೇರೆ ಯಾರೋ ಇರ್ಕ್."