ಪೊಟ್ಯಾಸಿಯಂ ಬೀರುವಿನ ಕೀಲಿ

ಹಾಲು ಕಾಯಿಸುವ ಮೊದಲು ಮೂಸಿ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಕಾಯಿಸಿದ ಮೇಲೂ ಮೂಸಿ, ಆರಿದ ಮೇಲೆ ಮತ್ತೊಮ್ಮೆ ಮೂಸಿ, ಕೊನೆಗೆ ಗಂಡನಿಗೆ ಕುಡಿಸಿ ಅವನ ಮುಖ ನೋಡುವವಳು ಇವಳೊಬ್ಬಳೇ. ಮನೆಯವರು ಅವಳಿಗೆ ಪತ್ತೇದಾರಮ್ಮ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು ನಿಜ, ಆದರೆ ಅವಳ ಕಿವಿಗೆ ಬೀಳದೆ ಇದ್ದೀತೆ? ಮೊದಲು ಅಂದವರು ಯಾರು ಎಂಬುದನ್ನೂ ಪತ್ತೆ ಮಾಡಿಬಿಟ್ಟಿದ್ದಳು. ಅಂದವಳು ಗಂಡನ ತಂಗಿ.

ಮನೆಯಲ್ಲಿ ತಲೆನೋವಾಗಿದ್ದ ಈ ಗುಣವೇ ಪ್ರಯೋಗಾಲಯದಲ್ಲಿ ಅವಳಿಗೆ ಅನ್ನ ಹಾಕುತ್ತಿತ್ತು. ಅಲ್ಲಿ ಪೊಟ್ಯಾಸಿಯಂ ಬ್ಯಾಟರಿ ಮಾಡುವ ಯತ್ನ ನಡೆದಿತ್ತು. ಲಿಥಿಯಂ ಸಿಗುವುದು ಕಷ್ಟ, ಪೊಟ್ಯಾಸಿಯಂ ಧಾರಾಳ. ತೊಡಕೆಂದರೆ ವಿದ್ಯುತ್ ಹೊತ್ತು ಓಡಾಡುವ ಪೊಟ್ಯಾಸಿಯಂ ಅಯಾನಿನ ಮೈ ದೊಡ್ಡದು. ಚಾರ್ಜ್ ಮಾಡಿದಾಗಲೆಲ್ಲ ಅದು ಬ್ಯಾಟರಿಯ ಋಣ ತುದಿಯಾದ ಆನೋಡಿನೊಳಗೆ ತೂರಿಕೊಳ್ಳಬೇಕು, ಬಳಸುವಾಗ ಹೊರಗೆ ಬರಬೇಕು. ಸಣ್ಣ ಬಾಗಿಲ ಮನೆಗೆ ಭಾರಿ ಮೈಯ ನೆಂಟ ದಿನಾ ಬಂದು ಹೋದರೆ ಚೌಕಟ್ಟು ಉಳಿಯುವುದುಂಟೆ? ಆನೋಡು ಬಿರುಕು ಬಿಟ್ಟು ಉದುರುತ್ತದೆ. ಉದುರದ ಆನೋಡಿಗಾಗಿ ಅವಳು ಬಿಸ್ಮತ್ ಲೋಹದ ನುಣ್ಣನೆಯ ಪುಡಿಗೆ ಇಂಗಾಲದ ತೆಳುವಾದ ಹೊದಿಕೆ ಹಾಕಿದ್ದಳು. ವರ್ಷಗಟ್ಟಲೆ ಕುಲುಮೆಯ ಮುಂದೆ ನಿಂತು ಮಾಡಿದ ಪುಡಿ ಅದು. ಅದನ್ನು ತಾಮ್ರದ ಹಾಳೆಗೆ ಬಳಿದು, ಎದುರಿಗೆ ಪೊಟ್ಯಾಸಿಯಂ ಲೋಹದ ಬಿಲ್ಲೆ ಇಟ್ಟು, ನಡುವೆ ದ್ರಾವಣ ಹಾಕಿ ನಾಣ್ಯದಷ್ಟಗಲದ ಸೆಲ್ ಮಾಡಿ ಪರೀಕ್ಷಿಸಬೇಕು.

ಸೆಲ್ ಜೋಡಿಸುತ್ತಿದ್ದವಳು ಅದೇ ನಾದಿನಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದಳು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಾಗ ಈ ಕೆಲಸಕ್ಕೆ ಶಿಫಾರಸು ಮಾಡಿದ್ದು ಪತ್ತೇದಾರಮ್ಮನೇ. ಪ್ರೀತಿಯಿಂದಲೋ ಎಂದು ಕೇಳಬೇಡಿ. ಕಣ್ಣೆದುರಿಗೇ ಇರಲಿ ಎಂದು. ಗಾಳಿ ಸೋಕದ ಗಾಜಿನ ಪೆಟ್ಟಿಗೆಯೊಳಗೆ ದಪ್ಪ ರಬ್ಬರ್ ಕೈಗವಸು ತೊಟ್ಟೂ ಆ ಹುಡುಗಿಯ ಬೆರಳು ಸಲೀಸಾಗಿ ಆಡುತ್ತಿತ್ತು. ಆದರೆ ಪೊಟ್ಯಾಸಿಯಂ ಮುಟ್ಟುವ ಹಾಗಿರಲಿಲ್ಲ. ಎಣ್ಣೆಯಲ್ಲಿ ಮುಳುಗಿಸಿಟ್ಟ ಆ ಲೋಹದ ಬೀರುವಿಗೆ ಒಂದೇ ಕೀಲಿ, ಅದು ಅತ್ತಿಗೆಯ ಚೀಲದಲ್ಲಿ. ಬಿಲ್ಲೆ ಕತ್ತರಿಸಿ ಸೆಲ್ಲಿನಲ್ಲಿ ಇಡುವುದೂ ಅತ್ತಿಗೆಯೇ.

ಸೆಲ್‌ಗಳು ಮೊದಮೊದಲು ಚೆನ್ನಾಗಿ ನಡೆದವು. ಆಮೇಲೆ ಒಂದಾದ ಮೇಲೊಂದು ಸತ್ತವು. ಪಕ್ಕದ ಕೋಣೆಯಲ್ಲಿ ಸೋಡಿಯಂ ಬ್ಯಾಟರಿ ಮಾಡುತ್ತಿದ್ದ ತಂಡದ ಸೆಲ್‌ಗಳು ಮಾತ್ರ ಗುಂಡುಕಲ್ಲಿನ ಹಾಗಿದ್ದವು. ಅವನ್ನೂ ಜೋಡಿಸುತ್ತಿದ್ದವಳು ನಾದಿನಿಯೇ! ಆ ತಂಡದ ಹುಡುಗನ ಜೊತೆ ಮೆಟ್ಟಿಲ ಬಳಿ ಅವಳು ನಗುತ್ತಾ ಕಾಫಿ ಕುಡಿದದ್ದನ್ನು ಪತ್ತೇದಾರಮ್ಮ ಕಣ್ಣಾರೆ ಕಂಡಿದ್ದಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಇವಳು ಕಾಗೆಯನ್ನೇ ಹಿಡಿದಳು.

"ಆ ಹುಡುಗನ ಹತ್ರ ಏನು ಮಾತಾಡ್ತಿದ್ದೆ?"

"ಅವನ ಗಡಿಯಾರ ನಿಂತಿತ್ತಂತೆ ಅತ್ತಿಗೆ. ನೋಡಿಕೊಡು ಅಂದ."

"ನಿಂತಿದ್ದು ಗಡಿಯಾರನೋ, ನನ್ನ ಸೆಲ್ಲೋ?"

ನಾದಿನಿ ಮುಖ ತಿರುಗಿಸಿ ಕೆಲಸಕ್ಕೆ ಕೈ ಹಾಕಿದಳು. ಮುಖ ತಿರುಗಿಸಿದ್ದೇ ಸಾಕ್ಷಿಯಾಯಿತು. ಪತ್ತೇದಾರಮ್ಮ ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹೋಗಿ, "ನಮ್ಮ ಮನೆ ಹುಡುಗಿ ಅಂತ ಮುಚ್ಚಿಡೋಕಾಗಲ್ಲ ಸರ್, ಜೋಡಣೆಯಲ್ಲೇ ಏನೋ ಕೈವಾಡ ಇದೆ" ಎಂದಳು. ಆ ವಾರವೇ ನಾದಿನಿಯ ಕೆಲಸ ಹೋಯಿತು. ಹೊರಡುವಾಗ ಅವಳು ತನ್ನ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಾಚಣಿಗೆ, ಬಸ್ ಟಿಕೆಟ್ಟು, ಸಣ್ಣದೊಂದು ಸ್ಕ್ರೂಡ್ರೈವರ್ ಉರುಳಿದವು.

"ನೋಡ್ಕೊಳ್ಳಿ ಅತ್ತಿಗೆ. ನಿಮ್ಮದೇನೂ ತಗೊಂಡು ಹೋಗ್ತಿಲ್ಲ."

ಪತ್ತೇದಾರಮ್ಮ ನಿಜಕ್ಕೂ ನೋಡಿದಳು. ಆ ಸಂಜೆಯೇ ನಾದಿನಿ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದಳು. ಗಂಡ ಬಾಯಿ ಬಿಟ್ಟು ಬೈಯಲಿಲ್ಲ, ಹಾಲು ಕುಡಿಯುವುದನ್ನು ಬಿಟ್ಟ.

ಈಗ ಸೆಲ್ ಜೋಡಿಸಲು ಪತ್ತೇದಾರಮ್ಮನೇ ಕೂತಳು. ಅವೂ ಸತ್ತವು. ನಾದಿನಿ ಹೋಗುವ ಮುಂಚೆ ದ್ರಾವಣದ ಬಾಟಲಿಗೆ ಏನೋ ಬೆರೆಸಿರಬೇಕು ಅನ್ನಿಸಿತು. ಹೊಸ ಬಾಟಲಿ ತೆರೆದಳು. ಆದರೂ ಸತ್ತವು. "ಈ ಪುಡೀನ ಇನ್ನು ಕೈಬಿಡೋಣ" ಎಂದರು ಮುಖ್ಯಸ್ಥರು. ಕೊನೆಯದಾಗಿ, ನಾದಿನಿಯ ಕೈವಾಡದ ಗುರುತು ಸಿಕ್ಕರೂ ಸಿಕ್ಕೀತು ಎಂದು, ಅವಳು ಜೋಡಿಸಿದ್ದ ಒಂದು ಸತ್ತ ಸೆಲ್ಲನ್ನು ಗಾಜಿನ ಪೆಟ್ಟಿಗೆಯೊಳಗೆ ಬಿಚ್ಚಿದಳು.

ಬಿಸ್ಮತ್ ಬಳಿದ ಹಾಳೆ ಒಂದಿಷ್ಟೂ ಉದುರಿರಲಿಲ್ಲ. ಹಾಳೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಓರೆಯಾಗದೆ ಕೂತಿದ್ದವು. ಅಷ್ಟು ಚೊಕ್ಕ ಕೈ ಆ ಹುಡುಗಿಯದು. ಎದುರಿಗಿದ್ದ ಪೊಟ್ಯಾಸಿಯಂ ಬಿಲ್ಲೆ ಮಾತ್ರ ಕಪ್ಪಗಾಗಿ, ಗುಳಿ ಬಿದ್ದು, ತೊಳೆಯದ ಸೀದ ಪಾತ್ರೆಯ ತಳದಂತಿತ್ತು. ಪತ್ತೇದಾರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದೇ ಹಾಳೆಯನ್ನು ತೆಗೆದು, ಎದುರಿಗೆ ಆಗ ತಾನೇ ಹೆರೆದ ಹೊಸ ಬಿಲ್ಲೆ ಇಟ್ಟು ಮುಚ್ಚಿದಳು. ಸತ್ತದ್ದು ಎದ್ದು ಕೂತಿತು. ಹೊಸದರಲ್ಲಿ ಎಷ್ಟು ವಿದ್ಯುತ್ ಹಿಡಿದಿತ್ತೋ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.

ಕೆಟ್ಟದ್ದು ಪುಡಿಯಲ್ಲ, ಜೋಡಣೆಯೂ ಅಲ್ಲ. ಪೊಟ್ಯಾಸಿಯಂ ಲೋಹವೇ ದ್ರಾವಣದ ಜೊತೆ ಕಿತ್ತಾಡಿಕೊಂಡು ತನ್ನ ಮೈಯನ್ನು ತಾನೇ ಹಾಳು ಮಾಡಿಕೊಳ್ಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು. ಲೋಕವನ್ನೆಲ್ಲ ಅನುಮಾನಿಸಿದವಳು ತಾನೇ ಕೀಲಿ ಹಾಕಿಟ್ಟ ವಸ್ತುವೊಂದನ್ನು ಮಾತ್ರ ಅನುಮಾನಿಸಿರಲಿಲ್ಲ, ಯಾಕೆಂದರೆ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮುಖ್ಯಸ್ಥರು ಬೇರೆ "ನಿಮ್ಮ ಅನುಮಾನದ ಬುದ್ಧಿಯೇ ಪುಡೀನ ಉಳಿಸ್ತು ಮೇಡಂ" ಎಂದು ಹೊಗಳಿದರು. ಆ ಹುಡುಗಿಯನ್ನು ವಾಪಸು ಕರೆಯಲು ಒಪ್ಪಿದರು ಕೂಡ.

ನಾದಿನಿ ಈಗ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಳು. ಪತ್ತೇದಾರಮ್ಮ ಅಂಗಡಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. "ತಪ್ಪು ನಂದೇ ಕಣೇ" ಎಂದಳು. "ವಾಪಸ್ ಬಾ. ನಿನ್ನಂಥ ಕೈ ನಂಗೆ ಬೇರೆ ಸಿಗಲ್ಲ. ನಿಮ್ಮಣ್ಣನೂ ಸರಿಯಾಗಿ ಊಟ ಮಾಡ್ತಿಲ್ಲ."

ನಾದಿನಿ ಬಿಚ್ಚಿದ ಫೋನನ್ನು ಕೆಳಗಿಟ್ಟಳು. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗುವೂ ಇತ್ತು.

"ಬರ್ತೀನಿ ಅತ್ತಿಗೆ. ಬೀರು ಕೀಲಿ ಮಾತ್ರ ನನ್ನ ಹತ್ರ ಇರ್ಲಿ."

ಪತ್ತೇದಾರಮ್ಮ ಕೂಡಲೇ ಚೀಲಕ್ಕೆ ಕೈ ಹಾಕಿದಳು. ಕೀಲಿ ಸಿಕ್ಕಿತು. ಕೊಡಬೇಕೆಂದೇ ತೆಗೆದಳು, ದೇವರಾಣೆಗೂ ಕೊಡಬೇಕೆಂದೇ. ಅಷ್ಟರಲ್ಲಿ ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

"ಯಾಕೆ?" ಎಂದುಬಿಟ್ಟಳು.

ನಾದಿನಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, "ಅಣ್ಣನಿಗೆ ಊಟ ಮಾಡೋಕೆ ಹೇಳಿ" ಎಂದು ಫೋನಿನ ಕಡೆ ಬಗ್ಗಿದಳು.