ಕಂಪ್ಯೂಟರ್ "ಇಲ್ಲ" ಎಂದಾಗ

ಗೆಳೆಯರೇ, ಹಚ್ಚೊಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನಾನು ಇವತ್ತು ಬಳ್ಳಾರಿಯ ನಮ್ಮ ಆಫೀಸಿನ ಯೂನಿಕ್ಸ್ ಕಂಪ್ಯೂಟರಿಗೇ ದಾರಿ ತೋರಿಸಿದೆ!

ಸಾಹೇಬರು ಊಟಕ್ಕೆ ಹೊರಟವರು, ಯಂತ್ರ ಕೂಡಿಸಲು ಬಂದ ಇಂಜಿನಿಯರ್ ಪ್ರಸಾದನಿಗೆ, "ನಾ ಬರೋದ್ರಾಗ ಒಂದು ಪಟ್ಟಿ ಪ್ರಿಂಟ್ ಆಗಿರ್ಬೇಕು. ಇಲ್ಲಾಂದ್ರ ಈ ಡಬ್ಬಿ ವಾಪಸ್ ಹೋಗ್ತೈತಿ" ಎಂದರು. ಪ್ರಿಂಟ್ ಮಾಡುವ ಕಮಾಂಡೇ ಅವನಿಗೆ ಮರೆತುಹೋಗಿತ್ತು.

"ಚಿಂತಿ ಇಲ್ಲ ಕಾಕಾ. ಎಲ್ಲಾ ಕಮಾಂಡಿನ ಪುಸ್ತಕ ಇದರ ಹೊಟ್ಟ್ಯಾಗೇ ಐತಿ, ಹುಡುಕಾಕ ಹಚ್ತೀನಿ" ಎಂದು ಪಕ್ಕದಲ್ಲಿದ್ದ ನನಗೆ ಹೇಳಿ 'ಪ್ರಿಂಟ್' ಎಂಬ ಪದ ಒತ್ತಿದ. ಅಂಥದ್ದೇನೂ ಇಲ್ಲ ಎಂದು ಪರದೆಯ ಮೇಲೆ ಬಂತು. ಮೂರು ಸಲ ಕೇಳಿದರೂ ಅದೇ ಉತ್ತರ. ಪ್ರಸಾದ ಗಡಿಯಾರ ನೋಡಿದ.

"ಅದು ಪುಸ್ತಕದಾಗ ಹುಡುಕ್ತೈತೋ, ಇಂಡೆಕ್ಸಿನಾಗೋ?" ಎಂದೆ.

"ಇಂಡೆಕ್ಸಿನಾಗ್ರಿ."

"ಇಂಡೆಕ್ಸ್ ಬರ್ದೋರು ಯಾರಲೇ?"

ಹಣೆ ಚಚ್ಚಿಕೊಂಡ. ಯಾರೂ ಬರೆದಿರಲಿಲ್ಲ. ಇಂಡೆಕ್ಸ್ ತಯಾರಿಸಲು ಯಂತ್ರಕ್ಕೆ ಹೇಳಿ ಮತ್ತೆ ಕೇಳಿದ. ಉತ್ತರಗಳು ಸಾಲುಗಟ್ಟಿ ಬಂದವು. ಸಾಹೇಬರ ಜೀಪು ಗೇಟಿಗೆ ಬರುವಷ್ಟರಲ್ಲಿ ಪ್ರಿಂಟರು ಕಿರ್ರೆನ್ನುತ್ತಿತ್ತು.

"ನಿಮಗ ಹ್ಯಾಂಗ ಗೊತ್ತಾತು ಕಾಕಾ?" ಎಂದ. ಅನುಭವ ಎಂದೆ.

ನಿಮಗಷ್ಟೇ ಹೇಳುತ್ತೇನೆ. ನಾನು ರಿಕಾರ್ಡ್ ರೂಮಿನವನು. ಸಿರುಗುಪ್ಪದ ಕಡತ ಕಣ್ಣೆದುರೇ ಇದ್ದರೂ, ಇಂಡೆಕ್ಸಿನಲ್ಲಿ ಬರೆದಿಲ್ಲವೆಂದರೆ ಕುರ್ಚಿಯಿಂದ ಏಳದೇ "ಇಲ್ಲ" ಎಂದುಬಿಡುತ್ತೇನೆ. ಅದಕ್ಕೆ ಇಪ್ಪತ್ತು ವರ್ಷದಿಂದ ನನ್ನನ್ನು ಸೋಮಾರಿ ಎನ್ನುತ್ತಾರೆ. ಅದೇ ಕೆಲಸ ಮಾಡುವ ಯಂತ್ರಕ್ಕೆ ಎ.ಸಿ. ರೂಮು ಕೊಟ್ಟಿದ್ದಾರೆ.